ಗಿಟಾರ್ ಐಆರ್ ದನಿ ಕೆಟ್ಟಾಗ: ಫೈಲ್ ಬದಲಿಸುವ ಮೊದಲು ನೋಡಬೇಕಾದದ್ದು

ಆಂಪನ್ನೂ ಎಫೆಕ್ಟುಗಳನ್ನೂ ಅನುಕರಿಸುವ ಗಿಟಾರ್ ಪ್ರೊಸೆಸರ್ ಅನ್ನು ನಿಜವಾದ ಆಂಪ್ ಇಲ್ಲದೆ ನೇರವಾಗಿ ಮಿಕ್ಸರ್‌ಗೆ ಅಥವಾ ಆಡಿಯೋ ಇಂಟರ್‌ಫೇಸ್‌ಗೆ ಜೋಡಿಸಿ ನುಡಿಸುವವರು, ದನಿ ಹಿಡಿಸದೆ ಹೋದಾಗ ಮೊದಲು ಕೈಹಾಕುವುದು ಐಆರ್‌ಗೆ, ಅಂದರೆ ಸ್ಪೀಕರ್ ಕ್ಯಾಬಿನೆಟ್ಟಿನ ಇಂಪಲ್ಸ್ ರೆಸ್ಪಾನ್ಸ್ ಫೈಲಿಗೆ. ಒಂದನ್ನು ತೆಗೆದು ಇನ್ನೊಂದನ್ನು ಹಾಕುತ್ತಾರೆ, ಅದೂ ಸರಿಬಾರದೆ ದುಡ್ಡು ಕೊಟ್ಟು ಮೂರನೆಯದನ್ನು ತರುತ್ತಾರೆ, ಕೊನೆಗೆ ಫೋಲ್ಡರಿನಲ್ಲಿ ನೂರಾರು ಫೈಲುಗಳು ಸೇರಿದರೂ ಕಾರ್ಯಕ್ರಮದ ದಿನ ಅದೇ ದೂರು ಉಳಿದಿರುತ್ತದೆ. ಸ್ಟುಡಿಯೋದಲ್ಲೂ ವೇದಿಕೆಯಲ್ಲೂ ಇಂಥ ದೂರುಗಳನ್ನು ಬಿಡಿಸುತ್ತ ಬಂದಿರುವ ನನಗೆ ಕಂಡಂತೆ, ತಪ್ಪು ಫೈಲಿನೊಳಗೇ ಇರುವುದು ಅಪರೂಪ. ಅದು ಫೈಲಿಗೆ ಸಿಗ್ನಲ್ ಬರುವ ದಾರಿಯಲ್ಲೋ ಫೈಲಿನಿಂದ ಸಿಗ್ನಲ್ ಹೊರಡುವ ದಾರಿಯಲ್ಲೋ ಕೂತಿರುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಫೈಲ್ ಬದಲಿಸುವ ಸಲಹೆ ಎಲ್ಲಕ್ಕಿಂತ ಕೊನೆಯಲ್ಲಿ ಬರುತ್ತದೆ.

ಫೈಲಿನಲ್ಲಿ ಏನಿದೆ, ಏನಿಲ್ಲ

ಕಲ್ಲಿನ ಮಂಟಪವೊಂದರಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಮಂಟಪ ತನ್ನದೇ ಆದ ಉತ್ತರವನ್ನು ಕೊಡುತ್ತದೆ. ಆ ಉತ್ತರವನ್ನು ದಾಖಲಿಸಿಕೊಂಡರೆ, ಅಲ್ಲಿ ಬೇರೆ ಯಾವ ದನಿ ಹೇಗೆ ಕೇಳಿಸುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಗಿಟಾರ್ ಕ್ಯಾಬ್‌ನ, ಅಂದರೆ ಕ್ಯಾಬಿನೆಟ್ಟಿನ, ಐಆರ್ ಕೂಡ ಇದೇ ಬಗೆಯದು. ಸ್ಪೀಕರ್, ಅದರ ಪೆಟ್ಟಿಗೆ, ಎದುರಿಗಿಟ್ಟ ಮೈಕ್, ಮೈಕ್ ನಿಂತ ಜಾಗ, ಮೈಕಿನ ಪ್ರೀಆಂಪ್ ಮತ್ತು ಸ್ವಲ್ಪಮಟ್ಟಿಗೆ ಆ ಕೋಣೆ, ಇಷ್ಟೂ ಒಟ್ಟಾಗಿ ಕೊಟ್ಟ ಉತ್ತರ ಅದರಲ್ಲಿ ಕೆಲವು ಸಾವಿರ ಸ್ಯಾಂಪಲ್‌ಗಳಾಗಿ, ಅಂದರೆ ಕ್ಷಣಕ್ಷಣದ ಅಳತೆಗಳಾಗಿ, ಕೂತಿರುತ್ತದೆ. ಪ್ರೊಸೆಸರ್ ಅದನ್ನು ನಮ್ಮ ಸಿಗ್ನಲ್ಲಿನೊಡನೆ ಕನ್ವಲ್ಯೂಷನ್ ಎಂಬ ಗಣಿತದಿಂದ ಬೆರೆಸುತ್ತದೆ. ಫಲಿತಾಂಶದ ದೃಷ್ಟಿಯಿಂದ ಇದೊಂದು ಬಹಳ ಸೂಕ್ಷ್ಮವಾದ ಫಿಲ್ಟರ್, ಅಷ್ಟೇ.

ಈ ‘ಅಷ್ಟೇ’ ಎಂಬ ಮಾತನ್ನು ಮರೆತಾಗ ಅರ್ಧ ದೂರುಗಳು ಹುಟ್ಟುತ್ತವೆ. ಇಟಲಿಯ ಆಂಜೆಲೊ ಫರೀನಾ 2000ದಲ್ಲಿ ಮಂಡಿಸಿದ ಸ್ವೀಪ್ ವಿಧಾನವನ್ನು ಇಂದು ಐಆರ್ ಅಳೆಯಲು ವ್ಯಾಪಕವಾಗಿ ಬಳಸುತ್ತಾರೆ. ಕೆಳಗಿನ ಆವೃತ್ತಿಯಿಂದ (ಫ್ರೀಕ್ವೆನ್ಸಿಯಿಂದ) ಮೇಲಿನ ಆವೃತ್ತಿಯವರೆಗೆ ಜಾರುವ ಒಂದು ಸ್ವರವನ್ನು ಸ್ಪೀಕರಿನಲ್ಲಿ ನುಡಿಸಿ, ಲೆಕ್ಕದ ಮೂಲಕ ಅದನ್ನು ಒಂದು ತಾಡನದ ಉತ್ತರವಾಗಿ ಮಡಚುವುದು ಅದರ ಕ್ರಮ. ಹಾಗೆ ಮಡಚಿದಾಗ ಸ್ಪೀಕರಿನ ಡಿಸ್ಟಾರ್ಷನ್ ಮುಖ್ಯ ಉತ್ತರಕ್ಕಿಂತ ಮುಂಚೆ ಬೇರೆಯಾಗಿ ನಿಲ್ಲುವುದರಿಂದ ಅದನ್ನು ಕತ್ತರಿಸಿ ತೆಗೆಯಬಹುದು, ತೆಗೆಯುತ್ತಾರೆ ಕೂಡ. ಹೀಗಾಗಿ ಸ್ಪೀಕರನ್ನು ಜೋರಾಗಿ ಓಡಿಸಿದಾಗ ಅದರ ಕೋನ್ ಒಡೆದು ಕೊಡುವ ಒರಟುತನವೂ ಒತ್ತಡವೂ ಐಆರ್‌ನಲ್ಲಿ ಇರುವುದಿಲ್ಲ. ವಾಲ್ಯೂಮ್ ಎಷ್ಟೇ ಇರಲಿ ಅದರ ಫಿಲ್ಟರ್ ಒಂದೇ ತೆರನಾಗಿರುತ್ತದೆ.

ಇನ್ನೊಂದು ದೂರು, ‘ಕೋಣೆಯಲ್ಲಿ ಆಂಪ್ ಎದುರು ನಿಂತಂತೆ ಅನ್ನಿಸುವುದಿಲ್ಲ’ ಎಂಬುದು. ಅದು ದೋಷವಲ್ಲ. ಶೂರ್ ಎಸ್‌ಎಂ57ರಂಥ ಮೈಕನ್ನು ಸ್ಪೀಕರಿನ ಜಾಲರಿಗೆ ತಾಗಿಸಿ ಹಿಡಿದ ದನಿಯನ್ನು ನೀವು ಕೇಳುತ್ತಿದ್ದೀರಿ. ಆ ಮೈಕ್ ಕೇಳಿಸಿಕೊಳ್ಳುವ ಜಾಗದಲ್ಲಿ ಯಾವ ಗಿಟಾರ್ ವಾದಕನೂ ಕಿವಿ ಇಟ್ಟು ನುಡಿಸುವುದಿಲ್ಲ. ಧ್ವನಿಮುದ್ರಣದಲ್ಲಿ ಕೇಳುವ ಗಿಟಾರಿಗೆ ಹತ್ತಿರವಾದದ್ದು ಬೇಕಾದರೆ ಐಆರ್ ಸರಿಯಾದ ಸಾಧನ. ಬೆನ್ನಿಗೆ ಗಾಳಿ ತಳ್ಳುವ ಅನುಭವವೇ ಬೇಕಾದರೆ ಯಾವ ಫೈಲೂ ಅದನ್ನು ಕೊಡುವುದಿಲ್ಲ, ಕ್ಯಾಬ್ ಹೊತ್ತು ತರಬೇಕಾಗುತ್ತದೆ.

ಪರೀಕ್ಷೆಗೆ ಸಿದ್ಧತೆ

ದೋಷ ಹುಡುಕುವಾಗ ಬದಲಾಗುವ ಸಂಗತಿ ಒಂದೇ ಇರಬೇಕು. ಪ್ರತಿ ಸಲವೂ ಗಿಟಾರ್ ಎತ್ತಿಕೊಂಡು ನುಡಿಸಿದರೆ ಕೈಯ ಒತ್ತಡವೂ ಬದಲಾಗುತ್ತದೆ, ಮನಸ್ಸೂ ಬದಲಾಗುತ್ತದೆ. ಹಾಗಾಗಿ ಯಾವ ಎಫೆಕ್ಟೂ ಇಲ್ಲದೆ ಗಿಟಾರಿನ ನೇರ ಸಿಗ್ನಲ್ಲನ್ನು ಒಂದು ನಿಮಿಷದಷ್ಟು ರೆಕಾರ್ಡ್ ಮಾಡಿಕೊಳ್ಳಿ. ಅದರಲ್ಲಿ ಕೆಳಗಿನ ತಂತಿಯ ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸುವುದು), ತೆರೆದ ಕಾರ್ಡ್‌ಗಳು ಮತ್ತು ಮೇಲಿನ ಫ್ರೆಟ್ಟುಗಳ ಒಂದೆರಡು ಒಂಟಿ ಸ್ವರಗಳು ಇರಲಿ. ಮುಂದಿನ ಎಲ್ಲ ಪರೀಕ್ಷೆಗಳಿಗೂ ಈ ತುಣುಕನ್ನೇ ಮತ್ತೆಮತ್ತೆ ಹರಿಸಬೇಕು. ನುಡಿಸಿದ್ದನ್ನು ಹಿಡಿದು ಮತ್ತೆಮತ್ತೆ ಹರಿಸುವ ಲೂಪರ್ ಇರುವ ಪ್ರೊಸೆಸರಾದರೆ ಲೂಪರನ್ನು ಸರಪಳಿಯ ಮೊದಲಲ್ಲಿಟ್ಟರೆ ಇದೇ ಕೆಲಸ ವೇದಿಕೆಯ ಮೇಲೂ ಆಗುತ್ತದೆ.

ಎರಡನೆಯ ಸಿದ್ಧತೆ ನನಗೆ ಅತ್ಯಂತ ಹೆಚ್ಚು ಸಮಯ ಉಳಿಸಿದೆ, ಆದರೆ ಮಾಡುವವರು ಕಡಿಮೆ. ಏನನ್ನೂ ಬದಲಿಸದ ಒಂದು ಖಾಲಿ ಐಆರ್ ಅನ್ನು ನೀವೇ ತಯಾರಿಸಿಕೊಳ್ಳಿ. ಆಡಾಸಿಟಿಯಂಥ ತಂತ್ರಾಂಶದಲ್ಲಿ 48 ಕಿಲೋಹರ್ಟ್ಜ್ ಮೋನೋ ಟ್ರ್ಯಾಕಿನಲ್ಲಿ 2048 ಸ್ಯಾಂಪಲ್‌ಗಳಷ್ಟು ಮೌನವನ್ನು ಸೃಷ್ಟಿಸಿ, ಒಂದೊಂದು ಸ್ಯಾಂಪಲ್ ಕಾಣುವವರೆಗೆ ಹಿಗ್ಗಿಸಿ, ಮೊದಲನೆಯ ಸ್ಯಾಂಪಲ್ಲನ್ನು ಮಾತ್ರ ಡ್ರಾ ಟೂಲ್‌ನಿಂದ ಮೇಲಕ್ಕೆತ್ತಿ 24 ಬಿಟ್ ವೇವ್ ಫೈಲಾಗಿ ಉಳಿಸಿದರೆ ಆಯಿತು. ಉಳಿದೆಲ್ಲವೂ ಸೊನ್ನೆಯಾಗಿರುವುದರಿಂದ ಈ ಫೈಲ್ ಹಾಕಿದ ಐಆರ್ ಬ್ಲಾಕ್ ಆನ್ ಇದ್ದರೂ ಆಫ್ ಇದ್ದರೂ ದನಿಯ ಬಣ್ಣ ಒಂದೇ ಇರಬೇಕು. ಮಟ್ಟ ಹೆಚ್ಚುಕಡಿಮೆಯಾಗಬಹುದು, ಬಣ್ಣ ಬದಲಾಗಕೂಡದು. ಬದಲಾದರೆ ಆ ಬ್ಲಾಕಿನಲ್ಲಿ ನಿಮಗೆ ತಿಳಿಯದ ಲೋ ಕಟ್ (ಕೆಳಗಿನ ಆವೃತ್ತಿಗಳನ್ನು ಕತ್ತರಿಸುವುದು), ಹೈ ಕಟ್ (ಮೇಲಿನವನ್ನು ಕತ್ತರಿಸುವುದು) ಅಥವಾ ಮಿಕ್ಸ್ ಹೊಂದಿಕೆ ಕೂತಿದೆ ಎಂದರ್ಥ. ಕ್ಯಾಬ್ ಫಿಲ್ಟರ್ ಇಲ್ಲದ ಡಿಸ್ಟಾರ್ಷನ್ ಕಿವಿ ಚುಚ್ಚುತ್ತದೆ, ಆದ್ದರಿಂದ ಈ ಪರೀಕ್ಷೆಗೆ ಮುಂಚೆ ವಾಲ್ಯೂಮ್ ತಗ್ಗಿಸಿಕೊಳ್ಳಿ.

ದನಿ ಮಸುಕಾಗಿ, ಗವಿಯಿಂದ ಬಂದಂತೆ ಕೇಳಿಸಿದರೆ

ಇದು ಎಲ್ಲಕ್ಕಿಂತ ಸಾಮಾನ್ಯವಾದ ದೋಷ, ಮತ್ತು ಹತ್ತರಲ್ಲಿ ಏಳೆಂಟು ಸಲ ಕಾರಣ ಒಂದೇ: ಒಂದು ಕ್ಯಾಬ್ ಇರಬೇಕಾದಲ್ಲಿ ಎರಡಿವೆ. 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ದಾಟಿದ ಮೇಲೆ ಕಡಿದಾಗಿ ಇಳಿಯುತ್ತದೆ, ಮತ್ತು 100 ಹರ್ಟ್ಜ್ ಆಸುಪಾಸಿನಲ್ಲಿ ಪೆಟ್ಟಿಗೆಯ ಕಾರಣದಿಂದ ಉಬ್ಬಿರುತ್ತದೆ. ಎರಡು ಫಿಲ್ಟರ್‌ಗಳು ಒಂದರ ಹಿಂದೊಂದು ನಿಂತಾಗ ಡೆಸಿಬೆಲ್‌ಗಳು ಕೂಡುತ್ತವೆ. ಒಂದು ಆವೃತ್ತಿಯಲ್ಲಿ 12 ಡೆಸಿಬೆಲ್ ಇಳಿಕೆ ಇದ್ದದ್ದು 24 ಆಗುತ್ತದೆ, 5 ಡೆಸಿಬೆಲ್ ಉಬ್ಬು 10 ಆಗುತ್ತದೆ. ಮೇಲಿನ ಹೊಳಪು ಸಾಯುತ್ತದೆ, ಕೆಳಗೆ ಗುಮ್ಮೆನ್ನುತ್ತದೆ, ನಡುವಿನ ಏರಿಳಿತಗಳು ಮೂಗಿನಲ್ಲಿ ಮಾತಾಡಿದಂತೆ ಕೇಳಿಸುತ್ತವೆ. ಇದನ್ನು ಟ್ರೆಬಲ್ ಏರಿಸಿ ಸರಿಪಡಿಸಲು ಹೊರಟವರ ಪ್ಯಾಚ್‌ಗಳನ್ನು, ಅಂದರೆ ಪ್ರೊಸೆಸರಿನಲ್ಲಿ ಉಳಿಸಿಟ್ಟ ಹೊಂದಿಕೆಗಳನ್ನು, ನೋಡಿದ್ದೇನೆ. ಟ್ರೆಬಲ್, ಪ್ರೆಸೆನ್ಸ್ ಎರಡೂ ತುದಿ ಮುಟ್ಟಿರುತ್ತವೆ, ಆದರೂ ದನಿಗೆ ಉಸಿರು ಬಂದಿರುವುದಿಲ್ಲ.

ಎರಡನೆಯ ಕ್ಯಾಬ್ ಅಡಗುವ ಜಾಗಗಳು ಹಲವು. ಪ್ರೊಸೆಸರಿನಲ್ಲಿ ಆಂಪ್ ಮಾತ್ರ ಇರುವ ಬ್ಲಾಕ್, ಆಂಪ್ ಮತ್ತು ಕ್ಯಾಬ್ ಕೂಡಿರುವ ಬ್ಲಾಕ್ ಎಂದು ಎರಡು ಬಗೆ ಇರುತ್ತವೆ. ಎರಡನೆಯದನ್ನು ಆರಿಸಿ ಮುಂದೆ ಐಆರ್ ಹಾಕಿದರೆ ಕ್ಯಾಬ್ ಎರಡಾಗುತ್ತದೆ. ಕಂಪ್ಯೂಟರಿನ ಆಂಪ್ ಪ್ಲಗಿನ್‌ಗಳಲ್ಲಿ ಕ್ಯಾಬ್ ವಿಭಾಗ ತಾನಾಗಿಯೇ ಆನ್ ಇರುತ್ತದೆ, ಹೊರಗಿನಿಂದ ನ್ಯಾಡ್‌ಐಆರ್‌ನಂಥ ಲೋಡರ್ (ಐಆರ್ ಫೈಲನ್ನು ಓಡಿಸುವ ತಂತ್ರಾಂಶ) ಸೇರಿಸುವವರು ಮೊದಲು ಆ ಕ್ಯಾಬ್ ವಿಭಾಗವನ್ನು ಆಫ್ ಮಾಡಬೇಕು. ಈಚೆಗೆ ಬಂದಿರುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶದ ಕ್ಯಾಪ್ಚರ್‌ಗಳಲ್ಲಿ, ಅಂದರೆ ನಿಜವಾದ ಆಂಪಿನ ದನಿಯನ್ನು ಹಿಡಿದಿಟ್ಟ ಫೈಲುಗಳಲ್ಲಿ, ಈ ಗೊಂದಲ ಇನ್ನೂ ಹೆಚ್ಚು. ಬರಿಯ ಆಂಪನ್ನು ಹಿಡಿದ ಕ್ಯಾಪ್ಚರ್‌ಗೆ ಐಆರ್ ಬೇಕೇ ಬೇಕು, ಕ್ಯಾಬ್ ಮತ್ತು ಮೈಕ್ ಸಹಿತ ಪೂರ್ತಿ ಸರಪಳಿಯನ್ನು ಹಿಡಿದದ್ದಕ್ಕೆ ಬೇಡ, ಆದರೆ ಫೈಲಿನ ಹೆಸರು ನೋಡಿ ಯಾವುದು ಯಾವುದೆಂದು ಹೇಳಲು ಯಾವಾಗಲೂ ಆಗುವುದಿಲ್ಲ. ಐಆರ್ ತೆಗೆದಾಗ ದನಿ ಚೆನ್ನಾದರೆ ಕ್ಯಾಬ್ ಒಳಗೇ ಇದೆ ಎಂದು ತಿಳಿಯಿರಿ.

ಪೆಟ್ಟಿಗೆಗಳ ಹೊರಗೂ ನೋಡಬೇಕು. ಆಂಪ್ ಹೆಡ್ಡುಗಳ (ಸ್ಪೀಕರ್ ಇಲ್ಲದ ಆಂಪುಗಳ) ಮತ್ತು ಲೋಡ್ ಬಾಕ್ಸುಗಳ (ಸ್ಪೀಕರಿನ ಬದಲು ಆಂಪಿನ ಶಕ್ತಿಯನ್ನು ತಾಳುವ ಪೆಟ್ಟಿಗೆಗಳ) ಕೆಲವು ಔಟ್‌ಪುಟ್‌ಗಳಲ್ಲಿ ಸ್ಪೀಕರ್ ಸಿಮ್ಯುಲೇಷನ್ ಮೊದಲೇ ಸೇರಿರುತ್ತದೆ. ಅಂಥ ಔಟ್‌ಪುಟ್ಟನ್ನು ಇಂಟರ್‌ಫೇಸಿಗೆ ಕೊಟ್ಟು ಮತ್ತೆ ಐಆರ್ ಹಾಕಿದರೆ ಅದೇ ಕಥೆ. ಐಆರ್ ಆನ್ ಇರುವ ಪ್ರೊಸೆಸರನ್ನು ಅಭ್ಯಾಸದ ಕೋಣೆಯ ಗಿಟಾರ್ ಆಂಪಿನ ಮುಂದಿನ ಇನ್‌ಪುಟ್ಟಿಗೆ ಚುಚ್ಚುವುದೂ ಇದೇ ತಪ್ಪು. ಆ ಆಂಪಿನೊಳಗೆ ನಿಜವಾದ ಗಿಟಾರ್ ಸ್ಪೀಕರ್ ಇದೆ, ಅದರ ಜೊತೆಗೆ ಆಂಪಿನ ಸ್ವಂತ ಪ್ರೀಆಂಪೂ ಸೇರಿ ಬಣ್ಣ ಇನ್ನಷ್ಟು ಕೆಡುತ್ತದೆ. ಅಭ್ಯಾಸಕ್ಕೆ ಐಆರ್ ಇಲ್ಲದ್ದೊಂದು, ಕಾರ್ಯಕ್ರಮಕ್ಕೆ ಐಆರ್ ಇರುವುದೊಂದು ಎಂದು ಎರಡು ಪ್ಯಾಚ್ ಇಟ್ಟುಕೊಳ್ಳುವುದು, ಮತ್ತು ಆಂಪಿಗೆ ಕೊಡುವಾಗ ಹಿಂದಿನ ಎಫೆಕ್ಟ್ಸ್ ರಿಟರ್ನ್‌ಗೆ ಕೊಡುವುದು ಇದಕ್ಕೆ ಪರಿಹಾರ.

ಜೇನುಗೂಡು ಕೆದಕಿದಂತೆ ಗುಂಯ್‌ಗುಟ್ಟಿದರೆ

ಇಲ್ಲಿ ಕಾರಣ ತಿರುಗುಮುರುಗು: ಕ್ಯಾಬ್ ಇಲ್ಲವೇ ಇಲ್ಲ. ಐಆರ್ ಸ್ಲಾಟ್ ಖಾಲಿ ಇರಬಹುದು. ಕೆಲವು ಪ್ರೊಸೆಸರ್‌ಗಳ ಪ್ಯಾಚಿನಲ್ಲಿ ಉಳಿಯುವುದು ಫೈಲಲ್ಲ, ಸ್ಲಾಟಿನ ಸಂಖ್ಯೆ. ಗೆಳೆಯರಿಂದ ಪ್ಯಾಚ್ ತಂದು ಅವರ ಐಆರ್ ತರದಿದ್ದರೆ, ಅಥವಾ ಫರ್ಮ್‌ವೇರ್ ನವೀಕರಿಸಿದ ಮೇಲೆ ಐಆರ್‌ಗಳನ್ನು ಮತ್ತೆ ತುಂಬದಿದ್ದರೆ, ಅದೇ ಸಂಖ್ಯೆಯ ಸ್ಲಾಟಿನಲ್ಲಿ ಏನೂ ಇರುವುದಿಲ್ಲ ಅಥವಾ ಬೇರೆ ಏನೋ ಇರುತ್ತದೆ. ಔಟ್‌ಪುಟ್ ಹೊಂದಿಕೆಯಲ್ಲಿ ಎಲ್ಲ ಪ್ಯಾಚ್‌ಗಳಲ್ಲೂ ಕ್ಯಾಬನ್ನು ಆಫ್ ಮಾಡುವ ಗ್ಲೋಬಲ್ ಸ್ವಿಚ್ಚೊಂದು ಇರುವ ಸಾಧನಗಳೂ ಇವೆ, ಅದನ್ನು ಒಮ್ಮೆ ನೋಡಿ.

ಇವೆರಡೂ ಸರಿಯಿದ್ದೂ ಸುಡುವಂಥ ಗುಂಯ್ ಉಳಿದರೆ ಮಿಕ್ಸರಿನ (ಡೆಸ್ಕಿನ) ಇನ್‌ಪುಟ್ ಕ್ಲಿಪ್ ಆಗುತ್ತಿದೆಯೇ, ಅಂದರೆ ಮಟ್ಟ ಮಿತಿ ಮೀರಿ ಒಡೆಯುತ್ತಿದೆಯೇ ಎಂದು ನೋಡಬೇಕು. ಪ್ರೊಸೆಸರಿನ ಲೈನ್ ಮಟ್ಟದ ಔಟ್‌ಪುಟ್ಟನ್ನು ಮೈಕ್ ಪ್ರೀಆಂಪಿಗೆ ಕೊಟ್ಟಾಗ ಹೀಗಾಗುತ್ತದೆ, ಮತ್ತು ಗಿಟಾರ್ ಹೇಗೂ ಡಿಸ್ಟಾರ್ಷನ್ ಹಾಕಿಯೇ ಬಂದಿರುವುದರಿಂದ ಡೆಸ್ಕಿನ ಡಿಸ್ಟಾರ್ಷನ್ ಅದರೊಳಗೆ ಸೇರಿ ಯಾರಿಗೂ ಗೊತ್ತಾಗುವುದಿಲ್ಲ. ಕ್ಲೀನ್ ಪ್ಯಾಚ್ ಹಾಕಿ ಜೋರಾಗಿ ಕಾರ್ಡ್ ಬಾರಿಸಿದರೆ ಕ್ಷಣದಲ್ಲಿ ಬಯಲಾಗುತ್ತದೆ. ಪ್ರೊಸೆಸರಿನಲ್ಲಿ ಔಟ್‌ಪುಟ್ಟನ್ನು ಮೈಕ್ ಮಟ್ಟಕ್ಕೆ ಇಳಿಸಿ, ಇಲ್ಲವೇ ಡೆಸ್ಕಿನಲ್ಲಿ ಮಟ್ಟ ತಗ್ಗಿಸುವ ಪ್ಯಾಡ್ ಗುಂಡಿ ಒತ್ತಿ.

ಕ್ಯಾಬ್ ಇದೆ, ಆದರೆ ಬಣ್ಣ ಬೇರೆಯಾಗಿದೆ

ಸ್ಟುಡಿಯೋದಲ್ಲಿ ಚೆನ್ನಾಗಿ ಕೇಳಿಸಿದ ಅದೇ ಫೈಲ್ ಪ್ರೊಸೆಸರಿಗೆ ಹೋದ ಮೇಲೆ ತೆಳುವಾಗಿ, ಕ್ಯಾಬ್ ಕುಗ್ಗಿದಂತೆ ಕೇಳಿಸಿದರೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬ ಲೆಕ್ಕ) ಮೇಲೆ ಸಂಶಯಪಡಬೇಕು. 44.1 ಕಿಲೋಹರ್ಟ್ಜ್ ಫೈಲನ್ನು 48 ಕಿಲೋಹರ್ಟ್ಜ್‌ನಲ್ಲಿ ಓಡುವ ಲೋಡರ್ ಪರಿವರ್ತಿಸದೆ ಬಳಸಿದರೆ, ಕ್ಯಾಬ್‌ನ ಪ್ರತಿ ಉಬ್ಬೂ ತಗ್ಗೂ ಶೇಕಡಾ 8.8ರಷ್ಟು ಮೇಲೆ ಜಾರುತ್ತದೆ. 3000 ಹರ್ಟ್ಜ್‌ನಲ್ಲಿದ್ದ ಉಬ್ಬು ಸುಮಾರು 3265ಕ್ಕೆ ಹೋಗುತ್ತದೆ. 96 ಕಿಲೋಹರ್ಟ್ಜ್ ಫೈಲನ್ನು ಹಾಗೆಯೇ 48ರಲ್ಲಿ ಓಡಿಸಿದರೆ ಎಲ್ಲವೂ ಅರ್ಧಕ್ಕೆ ಇಳಿದು ದನಿ ಕೆಸರಿನಲ್ಲಿ ಹೂತಂತಾಗುತ್ತದೆ. ಇಲ್ಲಿ ಹಲವರು ದಾರಿ ತಪ್ಪುವುದು ಏಕೆಂದರೆ ಗಿಟಾರಿನ ಶ್ರುತಿ ಕೂದಲಿನಷ್ಟೂ ಬದಲಾಗುವುದಿಲ್ಲ. ತಪ್ಪು ರೇಟಿನಲ್ಲಿ ಹಾಡೊಂದನ್ನು ಹಾಕಿದರೆ ಶ್ರುತಿ ಏರುತ್ತದೆ, ಅದನ್ನು ಯಾರು ಬೇಕಾದರೂ ಗುರುತಿಸಬಹುದು. ಐಆರ್ ಹಾಡಲ್ಲ, ಫಿಲ್ಟರ್. ಜಾರುವುದು ಫಿಲ್ಟರಿನ ಬಣ್ಣ ಮಾತ್ರ. ಬಹುಪಾಲು ಒಳ್ಳೆಯ ಲೋಡರ್‌ಗಳು ಫೈಲ್ ತೆಗೆದುಕೊಳ್ಳುವಾಗ ತಾವೇ ಪರಿವರ್ತಿಸುತ್ತವೆ, ಆದರೆ ಅಗ್ಗದ ಪೆಡಲುಗಳನ್ನು ನಂಬದೆ 48 ಕಿಲೋಹರ್ಟ್ಜ್, 24 ಬಿಟ್, ಮೋನೋ ಆಗಿ ನೀವೇ ಬದಲಿಸಿ ಕೊಡುವುದು ಲೇಸು. ಸ್ಟೀರಿಯೋ ಫೈಲ್ ಕೊಟ್ಟರೆ ಎಡಗಡೆಯ ಚಾನೆಲ್ ಮಾತ್ರ ಓದುವ ಸಾಧನಗಳಿವೆ, 32 ಬಿಟ್ ಫ್ಲೋಟ್ ಫೈಲನ್ನು ಓದದೇ ಬಿಡುವವೂ ಇವೆ.

ಉದ್ದದ ಪ್ರಶ್ನೆ ಇನ್ನೊಂದು. 48 ಕಿಲೋಹರ್ಟ್ಜ್‌ನಲ್ಲಿ 1024 ಸ್ಯಾಂಪಲ್ ಎಂದರೆ ಸುಮಾರು 21 ಮಿಲಿಸೆಕೆಂಡ್, 2048 ಎಂದರೆ 43, 512 ಎಂದರೆ 11ಕ್ಕೂ ಕಡಿಮೆ. ಹತ್ತಿರದ ಮೈಕಿನ ಕ್ಯಾಬ್‌ಗೆ 20 ಮಿಲಿಸೆಕೆಂಡ್ ಬಹುಮಟ್ಟಿಗೆ ಸಾಕು. ಆದರೆ ಫೈಲ್ ತುಂಡಾದಷ್ಟೂ ಕೆಳಗಿನ ಆವೃತ್ತಿಗಳನ್ನು ಬಿಡಿಸಿ ತೋರಿಸುವ ಶಕ್ತಿ ಕುಂದುತ್ತದೆ. 512 ಸ್ಯಾಂಪಲ್‌ಗೆ ಆ ಬಿಡಿಸುವಿಕೆ ಸುಮಾರು 94 ಹರ್ಟ್ಜ್ ಅಗಲದ್ದು, ಗಿಟಾರಿನ ಕೆಳಗಿನ ಇ ತಂತಿಯೋ 82 ಹರ್ಟ್ಜ್‌ನದು. ಅಂದರೆ ಕೆಳಗಿನ ತಂತಿಯ ಬುಡದಲ್ಲಿ ಕ್ಯಾಬ್ ಮಾಡುತ್ತಿದ್ದ ಕೆಲಸವನ್ನು ಅಷ್ಟು ಗಿಡ್ಡ ಫೈಲ್ ಹಿಡಿದಿಡಲಾರದು. ಕೋಣೆಯ ಮೈಕಿನಿಂದ ತೆಗೆದ ಐಆರ್ ಆದರಂತೂ ಕತ್ತರಿಸಿದ ಮೇಲೆ ಅರ್ಥವೇ ಉಳಿಯುವುದಿಲ್ಲ.

ಇದರ ಜೊತೆಗೊಂದು ಕಾಣದ ಕಳ್ಳ ಇದ್ದಾನೆ, ಫೈಲಿನ ಮೊದಲಿನ ಮೌನ. ಅಳತೆ ಮಾಡಿದವರು ಮೊದಲಿನ ಸೊನ್ನೆಗಳನ್ನು ಕತ್ತರಿಸದೆ ಬಿಟ್ಟರೆ 240 ಸ್ಯಾಂಪಲ್ ಮೌನವೇ 5 ಮಿಲಿಸೆಕೆಂಡ್ ವಿಳಂಬವಾಗುತ್ತದೆ, ಅದರ ಮೇಲೆ 1024ರ ಸ್ಲಾಟಿನಲ್ಲಿ ಕಾಲುಭಾಗ ಜಾಗವನ್ನೂ ತಿನ್ನುತ್ತದೆ. ಫೈಲನ್ನು ಆಡಿಯೋ ಎಡಿಟರಿನಲ್ಲಿ ತೆರೆದು ನೋಡಿ. ದೊಡ್ಡ ಶಿಖರ ತೀರ ಆರಂಭದಲ್ಲೇ ಇರಬೇಕು. ಇಲ್ಲದಿದ್ದರೆ ಮೌನವನ್ನು ಕತ್ತರಿಸಿ, ಬಾಲಕ್ಕೆ ಪುಟ್ಟದೊಂದು ಫೇಡ್ ಔಟ್ ಕೊಟ್ಟು ಮತ್ತೆ ಉಳಿಸಿ.

ಎರಡು ಐಆರ್ ಬೆರೆಸಿದಾಗ ದನಿ ಸೊರಗಿದರೆ

ಒಂದು ಎಸ್‌ಎಂ57, ಒಂದು ರಿಬ್ಬನ್ ಮೈಕ್, ಎರಡನ್ನೂ ಬೆರೆಸಿದರೆ ಒಂದರ ಕಚ್ಚುವಿಕೆಗೆ ಇನ್ನೊಂದರ ಮೈಕಟ್ಟು ಸೇರುತ್ತದೆ ಎಂಬುದು ಸ್ಟುಡಿಯೋದ ಹಳೆಯ ಅಭ್ಯಾಸ, ಒಳ್ಳೆಯ ಅಭ್ಯಾಸ ಕೂಡ. ಆದರೆ ಬಿಡಿಯಾಗಿ ಚೆನ್ನಾಗಿದ್ದ ಎರಡು ಫೈಲುಗಳು ಕೂಡಿದಾಗ ಟೊಳ್ಳಾಗಿ ಕೇಳಿಸಿದರೆ ಅವುಗಳ ನಡುವೆ ಕಾಲದ ಅಂತರವಿದೆ ಎಂದರ್ಥ. ಅರ್ಧ ಮಿಲಿಸೆಕೆಂಡ್ ಅಂತರವಿದ್ದು ಎರಡೂ ಒಂದೇ ಮಟ್ಟದಲ್ಲಿದ್ದರೆ 1 ಕಿಲೋಹರ್ಟ್ಜ್‌ನಲ್ಲಿ ದನಿ ಪೂರ್ತಿ ಅಳಿಯುತ್ತದೆ, ಮತ್ತೆ 3ರಲ್ಲಿ, ಮತ್ತೆ 5ರಲ್ಲಿ, ಬಾಚಣಿಗೆಯ ಹಲ್ಲುಗಳಂತೆ. ಅರ್ಧ ಮಿಲಿಸೆಕೆಂಡ್ ಎಂದರೆ ಗಾಳಿಯಲ್ಲಿ ಸುಮಾರು 17 ಸೆಂಟಿಮೀಟರ್, ಒಂದು ಮೈಕ್ ಇನ್ನೊಂದಕ್ಕಿಂತ ಗೇಣಿಗಿಂತ ತುಸು ಕಡಿಮೆ ಹಿಂದೆ ನಿಂತಿದ್ದರೆ ಸಾಕು. 48 ಕಿಲೋಹರ್ಟ್ಜ್‌ನಲ್ಲಿ ಬರಿಯ 5 ಸ್ಯಾಂಪಲ್ ವ್ಯತ್ಯಾಸವೂ 4.8 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಗಿಟಾರಿನ ಅಂಚು ಇರುವ ಜಾಗದಲ್ಲಿಯೇ, ಹಳ್ಳ ತೋಡುತ್ತದೆ.

ಎರಡು ಬೇರೆ ಬೇರೆ ತಯಾರಕರ ಫೈಲುಗಳನ್ನು ಬೆರೆಸುವಾಗ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಒಬ್ಬರು ಆರಂಭದ ಮೌನವನ್ನು ಕತ್ತರಿಸಿರುತ್ತಾರೆ, ಇನ್ನೊಬ್ಬರು ಮೈಕುಗಳ ನಿಜವಾದ ಅಂತರವನ್ನು ಹಾಗೆಯೇ ಉಳಿಸಿರುತ್ತಾರೆ. ಪರೀಕ್ಷೆ ಸುಲಭ. ಎರಡೂ ಐಆರ್‌ಗಳನ್ನು ಒಂದೇ ಗಟ್ಟಿಗೆ ತಂದು, ಒಂದರ ಪೋಲಾರಿಟಿಯನ್ನು (ಅಲೆಯ ಮೇಲು-ಕೆಳಗನ್ನು) ತಿರುಗಿಸಿ ಕೇಳಿ. ತಿರುಗಿಸಿದಾಗ ಬಾಸ್ ಹೆಚ್ಚಾದರೆ ಮೊದಲು ತಪ್ಪಿತ್ತು, ತಿರುಗಿಸಿದ ಸ್ಥಿತಿಯಲ್ಲೇ ಬಿಡಿ. ಬಾಸ್ ಕುಗ್ಗಿದರೆ ಪೋಲಾರಿಟಿ ಸರಿಯಿತ್ತು, ಹಿಂದಿನಂತೆ ಮಾಡಿ, ಕಾಲದ ಅಂತರವನ್ನು ಹುಡುಕಿ. ಎರಡೂ ಫೈಲುಗಳ ಶಿಖರಗಳನ್ನು ಎಡಿಟರಿನಲ್ಲಿ ಒಂದರ ಕೆಳಗೊಂದು ಸರಿಹೊಂದಿಸಿ ಕತ್ತರಿಸಿದರೆ ಬಹಳಷ್ಟು ಸರಿಯಾಗುತ್ತದೆ. ಫೈಲನ್ನು ಮಿನಿಮಮ್ ಫೇಸ್ (ಬಣ್ಣ ಉಳಿಸಿ ವಿಳಂಬ ತೆಗೆದ) ರೂಪಕ್ಕೆ ಪರಿವರ್ತಿಸುವ ಸೌಲಭ್ಯವಿದ್ದರೆ ಶಿಖರಗಳು ತಾವಾಗಿಯೇ ಆರಂಭಕ್ಕೆ ಬಂದು ಸೇರುತ್ತವೆ, ಆದರೆ ಹಾಗೆ ಮಾಡಿದರೆ ಎರಡನ್ನೂ ಮಾಡಬೇಕು, ಒಂದನ್ನಲ್ಲ.

ಮಟ್ಟದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಐಆರ್ ಫೈಲುಗಳು ಒಂದೊಂದು ಒಂದೊಂದು ಗಟ್ಟಿಯಲ್ಲಿರುತ್ತವೆ, ಮತ್ತು ಗಟ್ಟಿಯಾಗಿ ಕೇಳಿಸಿದ್ದೇ ಕಿವಿಗೆ ಚೆಂದ ಎನಿಸುತ್ತದೆ. ಹೋಲಿಸುವ ಮೊದಲು ಮೀಟರ್ ನೋಡಿ ಸರಿಗಟ್ಟದಿದ್ದರೆ ನೀವು ಆರಿಸುತ್ತಿರುವುದು ದನಿಯನ್ನಲ್ಲ, ವಾಲ್ಯೂಮನ್ನು.

ವಾಲ್ವ್ ಆಂಪಿನಿಂದ ಲೋಡ್ ಬಾಕ್ಸ್ ಮೂಲಕ ಬಂದಾಗ

ಮೊದಲ ಮಾತು ದನಿಯ ಬಗ್ಗೆ ಅಲ್ಲ. ವಾಲ್ವ್ ಆಂಪಿಗೆ ಸ್ಪೀಕರೋ ಲೋಡ್ ಬಾಕ್ಸೋ ಜೋಡಿಸದೆ ಅದನ್ನು ಓಡಿಸಕೂಡದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಓಮ್ ಸಂಖ್ಯೆ ಎರಡೂ ಕಡೆ ಹೊಂದಬೇಕು, ಲೋಡ್ ಬಾಕ್ಸ್ ತಾಳುವ ವಾಟ್ ಆಂಪಿನ ವಾಟ್‌ಗಿಂತ ಹೆಚ್ಚಿರಬೇಕು.

ಇಷ್ಟು ಸರಿಯಿದ್ದು ದನಿ ಚಪ್ಪಟೆಯಾಗಿ, ಬೆರಳಿಗೆ ಮರುಮಾತಾಡದಂತೆ ಇದ್ದರೆ ಆ ಬಾಕ್ಸ್ ಬರಿಯ ರೆಸಿಸ್ಟರ್ ಬಗೆಯದೇ ಎಂದು ನೋಡಿ. ನಿಜವಾದ 8 ಓಮ್ ಸ್ಪೀಕರ್ ಎಲ್ಲ ಆವೃತ್ತಿಗಳಲ್ಲೂ 8 ಓಮ್ ಇರುವುದಿಲ್ಲ. ಕೆಳಗೆ ಅದರ ಸ್ವಂತ ಅನುರಣನದ ಬಳಿ ಹಲವು ಪಟ್ಟು ಏರುತ್ತದೆ, ಮೇಲೆ ಸುರುಳಿಯ ಇಂಡಕ್ಟೆನ್ಸ್ ಕಾರಣದಿಂದ ಮತ್ತೆ ಏರುತ್ತದೆ. ವಾಲ್ವ್ ಆಂಪ್ ಈ ಏರಿಳಿತವನ್ನು ಹಿಂಬಾಲಿಸಿ ಕೆಳಗೂ ಮೇಲೂ ಹೆಚ್ಚು ಕೊಡುತ್ತದೆ. ಐಆರ್‌ನಲ್ಲಿ ಈ ಸಂವಾದ ಇರುವುದಿಲ್ಲ, ಏಕೆಂದರೆ ಅದು ಆಂಪ್ ಮತ್ತು ಸ್ಪೀಕರ್ ನಡುವೆ ನಡೆಯುವ ವ್ಯವಹಾರ, ಸ್ಪೀಕರಿನದು ಮಾತ್ರವಲ್ಲ. ರಿಯಾಕ್ಟಿವ್ ಲೋಡ್ ಅದನ್ನು ಅನುಕರಿಸುತ್ತದೆ. ಅದು ಕೈಗೆಟುಕದಿದ್ದರೆ ಐಆರ್‌ಗೆ ಮೊದಲು 100 ಹರ್ಟ್ಜ್ ಆಸುಪಾಸಿಗೆ ಮತ್ತು 2 ಕಿಲೋಹರ್ಟ್ಜ್ ಮೇಲ್ಪಟ್ಟು ಒಂದಷ್ಟು ಇಕ್ಯು (ಈಕ್ವಲೈಸರ್) ಏರಿಸಿದರೆ ಅರ್ಧ ದಾರಿ ಸವೆಯುತ್ತದೆ. ಪ್ರೀಆಂಪ್ ಪೆಡಲಿನಿಂದ ನೇರವಾಗಿ ಐಆರ್‌ಗೆ ಹೋಗುವವರ ತೆಳುವಾದ ದನಿಗೂ ಇದೇ ಕಾರಣ, ಪವರ್ ಆಂಪಿನ ಪಾಲು ಬಿಟ್ಟುಹೋಗಿದೆ.

ಮನೆಯಲ್ಲಿ ಚೆನ್ನ, ವೇದಿಕೆಯಲ್ಲಿ ಕೆಟ್ಟ

ಗಣೇಶೋತ್ಸವದ ಕಾಲದಲ್ಲಿ ಆರ್ಕೆಸ್ಟ್ರಾಗಳಿಗೆ ನುಡಿಸುವ ಹುಡುಗರಿಂದ ನಾನು ಅತಿ ಹೆಚ್ಚು ಕೇಳುವ ದೂರು ಇದು. ರಾತ್ರಿ ಮನೆಯವರು ಮಲಗಿದ ಮೇಲೆ ಹೆಡ್‌ಫೋನಿನಲ್ಲಿ ಕೂತು ಕಟ್ಟಿದ ಪ್ಯಾಚ್ ಪೆಂಡಾಲಿನ ದೊಡ್ಡ ಸ್ಪೀಕರುಗಳಲ್ಲಿ ಗುಮ್ಮೆಂದು ಕೀಬೋರ್ಡನ್ನೂ ಬಾಸನ್ನೂ ನುಂಗುತ್ತದೆ, ಮೇಲೆ ಕಿವಿಗೆ ಸೂಜಿ ಚುಚ್ಚುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟ ಸಂಗತಿ ಇದರ ಹಿಂದಿದೆ. ದನಿ ಸಣ್ಣದಿದ್ದಾಗ ಕಿವಿ ಬಾಸನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ, ಮೇಲಿನದನ್ನೂ ತುಸು ಕಡಿಮೆ. ಆ ಕೊರತೆ ತುಂಬಲು ಮನೆಯಲ್ಲಿ ಏರಿಸಿದ ಬಾಸ್ ಮತ್ತು ಟ್ರೆಬಲ್, ದನಿ ದೊಡ್ಡದಾದಾಗ ಹೊರೆಯಾಗುತ್ತದೆ. ಪರಿಹಾರವೆಂದರೆ ಪ್ಯಾಚನ್ನು ಕಾರ್ಯಕ್ರಮದ ಗಟ್ಟಿಗೆ ಹತ್ತಿರವಾಗಿ, ಹಗಲು ಹೊತ್ತಿನಲ್ಲಿ, ಸ್ಪೀಕರಿನಲ್ಲಿ, ಸಾಧ್ಯವಾದರೆ ಡ್ರಮ್ ಮತ್ತು ಬಾಸ್ ಇರುವ ಟ್ರ್ಯಾಕಿನೊಡನೆ ಹೊಂದಿಸುವುದು. ಒಬ್ಬರೇ ನುಡಿಸುವಾಗ ‘ತೆಳು’ ಎನಿಸುವ ಗಿಟಾರ್ ಬ್ಯಾಂಡಿನೊಳಗೆ ಸರಿಯಾಗಿ ಕೂರುತ್ತದೆ.

ತುರ್ತಿಗೆ, ಐಆರ್ ಆದ ಮೇಲೆ ಲೋ ಕಟ್ ಅನ್ನು 80ರಿಂದ 100 ಹರ್ಟ್ಜ್ ನಡುವೆ, ಹೈ ಕಟ್ ಅನ್ನು 6ರಿಂದ 8 ಕಿಲೋಹರ್ಟ್ಜ್ ನಡುವೆ ಇಡಿ. ಇದು ಎಲ್ಲ ಪ್ಯಾಚ್‌ಗಳಿಗೂ ಅನ್ವಯಿಸುವ ಗ್ಲೋಬಲ್ ಇಕ್ಯುನಲ್ಲಿ ಇದ್ದರೆ ಸಭಾಂಗಣಕ್ಕೆ ತಕ್ಕಂತೆ ಒಂದೇ ಕಡೆ ತಿದ್ದಬಹುದು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಅದನ್ನು ಹಳೆಯ ಸ್ಥಿತಿಗೆ ತನ್ನಿ. ಹಿಂದಿನ ಊರಿನ ಗ್ಲೋಬಲ್ ಇಕ್ಯುವನ್ನು ಮರೆತು, ಮುಂದಿನ ಊರಿನಲ್ಲಿ ಐಆರ್ ಕೆಟ್ಟಿದೆ ಎಂದು ನಾನೇ ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ.

ನುಡಿಸುವವರಿಗೆ ಕೇಳಿಸಲೆಂದು ಇಡುವ ವೇದಿಕೆಯ ಸ್ಪೀಕರ್, ಅಂದರೆ ಮಾನಿಟರ್, ನೆಲದ ಮೇಲೆ ಮಲಗಿರುತ್ತದೆ, ನೆಲ ಬಾಸನ್ನು ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ನಿಮಗೆ ಮಾನಿಟರಿನಲ್ಲಿ ಬಾಸ್ ಹೆಚ್ಚು ಎನಿಸಿದರೆ ಪ್ಯಾಚಿನಲ್ಲಿ ಇಳಿಸುವ ಮೊದಲು ಹೊರಗೆ ಸಭೆಯಲ್ಲಿ ಹೇಗಿದೆ ಎಂದು ಕೇಳಿ ತಿಳಿಯಿರಿ. ಹೊರಗೆ ಸರಿಯಿದ್ದರೆ ಮಾನಿಟರಿನ ಇಕ್ಯುನಲ್ಲಿ ಮಾತ್ರ ಇಳಿಸಲು ಧ್ವನಿ ನಿರ್ವಾಹಕರಿಗೆ ಹೇಳಿ. ನೀವು ಪ್ಯಾಚಿನಲ್ಲಿ ಇಳಿಸಿದರೆ ನಿಮಗೆ ಹಿತವಾಗುತ್ತದೆ, ಸಭೆಗೆ ಗಿಟಾರೇ ಇಲ್ಲವಾಗುತ್ತದೆ.

ವೇದಿಕೆಗೆ ವಿಶೇಷವಾದ ಇನ್ನೊಂದು ದೋಷ ಸ್ಟೀರಿಯೋ ಪ್ಯಾಚಿನದು. ಎಡಕ್ಕೊಂದು ಬಲಕ್ಕೊಂದು ಐಆರ್, ನಡುವೆ ಅಗಲ ತರಲು ಕೆಲವು ಮಿಲಿಸೆಕೆಂಡ್ ಡಿಲೇ, ಹೆಡ್‌ಫೋನಿನಲ್ಲಿ ಅದ್ಭುತ. ನಮ್ಮಲ್ಲಿ ಬಹುತೇಕ ಕಾರ್ಯಕ್ರಮಗಳ ಸ್ಪೀಕರುಗಳು ಮೋನೋ. ಎರಡೂ ಬದಿ ಡೆಸ್ಕಿನಲ್ಲಿ ಒಂದಾದ ಕೂಡಲೇ ಮೇಲೆ ಹೇಳಿದ ಬಾಚಣಿಗೆ ಬಾಯಿ ತೆರೆಯುತ್ತದೆ. ಮೋನೋ ಇರುವ ಕಡೆ ಎಡ ಅಥವಾ ಮೋನೋ ಎಂದು ಬರೆದಿರುವ ಒಂದೇ ಜ್ಯಾಕ್ ಬಳಸಿ, ಆದರೆ ಆ ಜ್ಯಾಕ್ ಎರಡೂ ಬದಿಯನ್ನು ಕೂಡಿಸಿ ಕೊಡುವುದಾದರೆ ಬಾಚಣಿಗೆ ಪ್ರೊಸೆಸರಿನೊಳಗೇ ಹುಟ್ಟುತ್ತದೆ. ಹಾಗಾಗಿ ಪ್ಯಾಚಿನಲ್ಲೇ ಒಂದು ಐಆರ್ ಮಾತ್ರ ಇಟ್ಟು, ಅಗಲ ತರುವ ಡಿಲೇಯನ್ನು ತೆಗೆದುಬಿಡುವುದು ಸುರಕ್ಷಿತ.

ವಿಳಂಬದ ದೂರು ಬಂದರೆ ಲೆಕ್ಕ ಹಾಕಿ. ಮೂರು ಮೀಟರ್ ದೂರದ ಸ್ಪೀಕರಿನಿಂದ ದನಿ ಬರಲು 9 ಮಿಲಿಸೆಕೆಂಡ್ ಬೇಕು, ಅದಕ್ಕೆ ಯಾರೂ ದೂರುವುದಿಲ್ಲ. ಐಆರ್ ಲೆಕ್ಕಾಚಾರಕ್ಕೆಂದು ಪ್ರೊಸೆಸರ್ ಸೇರಿಸುವುದು ಸಾಮಾನ್ಯವಾಗಿ ತೀರ ಕಡಿಮೆ. ಲ್ಯಾಪ್‌ಟಾಪಿನಿಂದ ನುಡಿಸುವವರಿಗೆ ಮಾತ್ರ ಇದು ನಿಜವಾದ ಸಮಸ್ಯೆ: 512 ಸ್ಯಾಂಪಲ್‌ನ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಸಂಸ್ಕರಿಸುವ ದನಿಯ ತುಂಡು) 48 ಕಿಲೋಹರ್ಟ್ಜ್‌ನಲ್ಲಿ ಒಳಬರುವಾಗಲೇ 10.7 ಮಿಲಿಸೆಕೆಂಡ್, ಹೊರಹೋಗುವಾಗ ಮತ್ತಷ್ಟು. ಬಫರನ್ನು 128ಕ್ಕೆ ಇಳಿಸಿ, ಕಂಪ್ಯೂಟರ್ ಏದುಸಿರು ಬಿಟ್ಟು ಚಟಪಟ ಎಂದರೆ ಐಆರ್ ಉದ್ದವನ್ನು ಕತ್ತರಿಸಿ.

ಗುಂಯ್ ಎನ್ನುವ ಹಮ್ ಐಆರ್‌ಗೆ ಸಂಬಂಧಿಸಿದ್ದಲ್ಲ, ಆದರೂ ಅದರ ತಲೆಗೇ ಬರುವುದರಿಂದ ಹೇಳುತ್ತೇನೆ. ನಮ್ಮ ವಿದ್ಯುತ್ 50 ಹರ್ಟ್ಜ್‌ನದು, ಹಮ್ ಕೇಳುವುದು 50 ಮತ್ತು 100ರಲ್ಲಿ. ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿದರೂ ಹಮ್ ಉಳಿದು, ಡೆಸ್ಕಿನ ಕೇಬಲ್ ಕಿತ್ತು ಹೆಡ್‌ಫೋನಿನಲ್ಲಿ ಕೇಳಿದಾಗ ಹೋದರೆ ಅದು ಗ್ರೌಂಡ್ ಲೂಪ್. ಪ್ರೊಸೆಸರ್ ಒಂದು ಕಡೆ, ಡೆಸ್ಕ್ ಜನರೇಟರಿನ ಇನ್ನೊಂದು ಲೈನಿನಲ್ಲಿ ಇದ್ದಾಗ ಹೀಗಾಗುತ್ತದೆ. ಡಿಐ ಬಾಕ್ಸಿನ (ವಾದ್ಯವನ್ನು ಡೆಸ್ಕಿಗೆ ಜೋಡಿಸುವ ಪೆಟ್ಟಿಗೆಯ) ಅಥವಾ ಪ್ರೊಸೆಸರಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಯಾರು ಹೇಳಿದರೂ ಕೀಳಬೇಡಿ, ಒದ್ದೆ ಪೆಂಡಾಲಿನಲ್ಲಿ ಲೋಹದ ತಂತಿಗಳ ಮೇಲೆ ಬೆರಳಿಟ್ಟು ಮೈಕಿಗೆ ತುಟಿ ತಾಗಿಸುವವರು ನೀವು.

ಎಲ್ಲವೂ ಸರಿಯಿದ್ದು ಇನ್ನೂ ಹಿಡಿಸದಿದ್ದರೆ

ಈಗ ಫೈಲ್ ಬದಲಿಸುವ ಹೊತ್ತು. ಮೊದಲು ಸ್ಪೀಕರಿನ ಬಗೆಯನ್ನು ಬದಲಿಸಿ ನೋಡಿ, ಬ್ರ್ಯಾಂಡನ್ನಲ್ಲ. ಸೆಲೆಸ್ಟಿಯನ್ನಿನ 60 ವಾಟಿನ ವಿಂಟೇಜ್ 30 ಮೇಲಿನ ಮಿಡ್ಡಿನಲ್ಲಿ ಮುಂದೆ ಬಂದು ನಿಲ್ಲುತ್ತದೆ, ಅದೇ ಕಂಪನಿಯ 25 ವಾಟಿನ ಗ್ರೀನ್‌ಬ್ಯಾಕ್ ಅದಕ್ಕಿಂತ ಮೃದು. ಸೆಲೆಸ್ಟಿಯನ್ 2017ರಿಂದ ತನ್ನ ಸ್ಪೀಕರುಗಳ ಐಆರ್‌ಗಳನ್ನು ತಾನೇ ಮಾರುತ್ತಿರುವುದರಿಂದ ಒಂದೇ ಕ್ರಮದಲ್ಲಿ ಅಳೆದ ಫೈಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವುದು ಸುಲಭವಾಗಿದೆ. ಆಮೇಲೆ ಅದೇ ಸ್ಪೀಕರಿನಲ್ಲಿ ಮೈಕಿನ ಜಾಗ ಬದಲಾದ ಫೈಲುಗಳನ್ನು ಕೇಳಿ. ಕೋನ್‌ನ ನಡುವಿನಿಂದ ಅಂಚಿನ ಕಡೆಗೆ ಸರಿದಂತೆ ಹೊಳಪು ಕಡಿಮೆಯಾಗಿ ಮೈ ಹೆಚ್ಚುತ್ತದೆ. ಎರಡು ಅಂಗುಲದ ಈ ಸರಿದಾಟ ಇಡೀ ಕ್ಯಾಬ್ ಬದಲಿಸಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ತರುವುದುಂಟು. ಮಟ್ಟ ಸರಿಗಟ್ಟಿ, ಹೆಸರು ಮರೆಮಾಡಿ, ಮೊದಲು ರೆಕಾರ್ಡ್ ಮಾಡಿಟ್ಟ ತುಣುಕನ್ನೇ ಹರಿಸಿ ಮೂರು ಫೈಲುಗಳನ್ನು ಆರಿಸಿ: ಕ್ಲೀನಿಗೊಂದು, ಕ್ರಂಚಿಗೊಂದು, ಲೀಡಿಗೊಂದು. ಉಳಿದ ಫೋಲ್ಡರನ್ನು ಪ್ರೊಸೆಸರಿನಿಂದ ಅಳಿಸಿಬಿಡಿ.